ಅಚ್ಚುಗಳ ಪೆಟ್ಟಿಗೆ

ಲೀಲಂಡ್ ಬೆಳ್ಳಿಗೆ ಚಿತ್ತಾರ ಒತ್ತುವ ಅಚ್ಚುಗಳ ಪೆಟ್ಟಿಗೆಯನ್ನು ಎತ್ತಿ ಪಿಕಪ್ಪಿನ ಹಿಂಭಾಗಕ್ಕೆ, ಸತ್ತ ಅಣ್ಣನ ಕುದುರೆ ಜೀನಿನ ಪಕ್ಕಕ್ಕೆ ತಳ್ಳಿದಾಗ ಗ್ಲೆನಾಬಾ ಅವನ ತೋಳು ಹಿಡಿದಳು.

"ಅದನ್ನ ಯಾಕೆ ಹಾಕ್ತೀಯ?"

"ಏನತ್ತಿಗೆ, ಗೊತ್ತಿಲ್ದೋರ ಹಾಗೆ ಕೇಳ್ತೀರಲ್ಲ! ಅವನು ಮುಟ್ಟಿ ದುಡಿದದ್ದೆಲ್ಲ ಅವನ ಜೊತೆಗೇ ಹೋಗ್ಬೇಕು. ಇಲ್ಲಿ ಉಳಿದ್ರೆ ಹುಡುಕ್ಕೊಂಡು ವಾಪಸ್ ಬರ್ತಾನೆ."

ಸತ್ತವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅವರ ಬುಡಕಟ್ಟಿನಲ್ಲಿ ನಾಲ್ಕು ದಿನ ಎತ್ತುವಂತಿಲ್ಲ. ಹೊಗಳಿಕೆಗೆ ಮಾತ್ರ ಅಂಥ ಕಟ್ಟುಪಾಡಿರಲಿಲ್ಲ. "ಕ್ಲಗೆಟೋ ಸುತ್ತಮುತ್ತ ಬೆಳ್ಳಿಗೆ ಜೀವ ಕೊಟ್ಟೋನು ಅವನೊಬ್ನೇ" ಎಂದು ನೆರೆಯ ಮುದುಕ ಕುರಿ ಸಾರಿಗೆ ರೊಟ್ಟಿ ಅದ್ದುತ್ತ ಹೇಳಿದ. ಸುತ್ತ ಕೂತವರು ತಲೆಯಾಡಿಸಿದರು.

ಗ್ಲೆನಾಬಾ ಪೆಟ್ಟಿಗೆಯನ್ನೇ ನೋಡಿದಳು. ಹಳೆಯ ಅರ, ಮುರಿದ ಬೋಲ್ಟುಗಳಿಂದ ಆ ಅರವತ್ತಮೂರು ಅಚ್ಚುಗಳನ್ನು ಮಾಡಿದವಳು ಅವಳು. ಐವತ್ತೆಂಟು ವರ್ಷ ಬೆಳ್ಳಿ ಬಡಿದವಳೂ ಅವಳೇ. ಹೇಳಿದರೆ ಗಂಡನನ್ನು ಹೂಳುವ ದಿನವೇ ಅವನ ಮರ್ಯಾದೆ ಮಣ್ಣುಪಾಲು. ಹೇಳದಿದ್ದರೆ ತನ್ನ ಕೈಗಳನ್ನೇ ಅವನ ಜೊತೆ ಹೂತಂತೆ.

*

ಮೊದಲ ಕಡಗ ಮಾರಲು ಹೋದ ದಿನ ತೊಡೆಯ ಮೇಲೆ ಕೂಸಿತ್ತೆಂದು ಅವಳು ಪಿಕಪ್ಪಿನಲ್ಲೇ ಉಳಿದಿದ್ದಳು. ಅವಳ ಗಂಡ, ಹೊಸ್ಕಿ, ಒಡವೆ ಕೊಳ್ಳುವ ಸಾಹುಕಾರನ ಅಂಗಡಿಯಿಂದ ಬಿಳಿಚಿಕೊಂಡು ಹೊರಬಂದ.

"ನಾನು ಬಾಯಿ ಬಿಡೋದ್ರೊಳಗೆ ಸಾಹುಕಾರ ನನ್ನ ಬೆನ್ನು ತಟ್ಟಿ, 'ಏನು ಕೈಯಪ್ಪಾ ನಿಂದು' ಅಂದುಬಿಟ್ಟ ಕಣೇ! ಹೋಗಿ ನಿಜ ಹೇಳಿಬರ್ಲಾ?"

"ಬೇಡ. ಹೆಂಗಸು ಬಡಿದದ್ದು ಅಂದ್ರೆ ಮೂಗು ಮುರೀತಾನೆ. ಮುರೀದಿದ್ರೂ ಊರೆಲ್ಲ ಬಾಗಿಲಲ್ಲಿ ನಿಂತು ನನ್ನ ಕೈ ನೋಡುತ್ತೆ. ನನಗದು ಆಗಲ್ಲ."

"ಹಂಗಾದ್ರೆ ನಾನೂ ಏನಾದ್ರೂ ಕಲೀಬೇಕು. ಬಿಟ್ಟಿ ಹೊಗಳಿಕೆ ನಂಗೆ ಜೀರ್ಣ ಆಗಲ್ಲ."

ಬೆಳ್ಳಿಗೆ ಕೂರಿಸುವ ನೀಲಿಕಲ್ಲು ಉಜ್ಜುವುದನ್ನು ಕಲಿತ. ಯಾವ ಕಲ್ಲು ಎಲ್ಲಿ ಸೀಳುತ್ತದೆಂದು ಬೆರಳಲ್ಲೇ ತಿಳಿಯುವಷ್ಟು ಕಲಿತ. ಮಕ್ಕಳಿಗೆ ರೊಟ್ಟಿ ಸುಟ್ಟ, ಕುರಿ ಮೇಯಿಸಿದ. ಗಾಡಿಯ ಸದ್ದು ಕೇಳಿದರೆ ಓಡಿಬಂದು ಅವಳ ಸುತ್ತಿಗೆ ಹಿಡಿದು ಕೂರುತ್ತಿದ್ದ. ಒಮ್ಮೆ ಅದನ್ನು ತಲೆಕೆಳಗಾಗಿ ಹಿಡಿದು ಕೂತಿದ್ದ. ಬಂದವರು ಹೋದಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

*

ಪಿಕಪ್ಪಿನ ಎಂಜಿನ್ ಗುರುಗುಟ್ಟಿತು. ಗ್ಲೆನಾಬಾ ಅದರ ಮುಂದೆ ಹೋಗಿ ನಿಂತಳು.

"ಲೀಲಂಡ್, ಪೆಟ್ಟಿಗೆ ಇಳಿಸು. ಅದು ನಂದು. ನಾನಿನ್ನೂ ಸತ್ತಿಲ್ಲ."

"ಪಾಪ, ಸಂಕಟದಲ್ಲಿ ಏನೇನೋ ಅಂತಿದಾರೆ" ಎಂದ ಲೀಲಂಡ್, ಜನರ ಕಡೆ ತಿರುಗಿ.

ಅವಳು ಪೆಟ್ಟಿಗೆಗೆ ಕೈಹಾಕಿ, ಕಣ್ಣು ಮುಚ್ಚಿ ಒಂದೊಂದೇ ಎತ್ತಿದಳು. "ಇದು ಮೋಡ. ಇದು ಬಾಣ. ಇದು ಅರ್ಧ ಸೂರ್ಯ, ಅಂಚು ಮುಕ್ಕು. ದೊಡ್ಡ ಮಗಳನ್ನ ಹೆರೋ ನೋವು ಬಂದಾಗ ನನ್ನ ಕೈತಪ್ಪಿ ಬಿದ್ದದ್ದು."

ನೆರೆಯ ಮುದುಕನ ರೊಟ್ಟಿ ಸಾರಿನಲ್ಲೇ ಉಳಿಯಿತು.

"ಬೆಳ್ಳಿ ನಂದು, ಕಲ್ಲು ಅವನದು. ನಿಜ ಹೇಳ್ತೀನಿ ಅಂತ ವರ್ಷಕ್ಕೊಂದ್ಸಲ ಕೇಳೋನು, ನಾನೇ ಬೇಡ ಅಂತಿದ್ದೆ. ಅವನು ಕದ್ದವನಲ್ಲ, ನನ್ನ ಕಾದವನು. ಅವನ ಕಲ್ಲು ಉಜ್ಜೋ ಚಕ್ರ ಒಳಗಿದೆ, ಅದನ್ನ ಕಳಿಸಿ."

ಮೊಮ್ಮಗಳು ಶರ್ಲೀನ್ ಒಳಗೆ ಹೋಗಿ ಚಕ್ರವನ್ನು ಹೊತ್ತು ತಂದಳು. ಲೀಲಂಡ್ ಪೆಟ್ಟಿಗೆ ಇಳಿಸಿದ.

ಹೂತು, ಹಿಂದೆ ತಿರುಗಿ ನೋಡದೆ ಮನೆಗೆ ಬಂದರು. ಸಾವಿನ ಮೈಲಿಗೆ ಕಳೆಯಲು ಎಲ್ಲರೂ ಜುನಿಪರ್ ಸೊಪ್ಪಿನ ಹೊಗೆಗೆ ಮೈಯೊಡ್ಡಿದ ಮೇಲೆ ಲೀಲಂಡ್ ಅವಳ ಬಳಿ ಬಂದು ಅಂಗಿಯ ತೋಳು ಮಡಿಸಿದ. ಮಣಿಕಟ್ಟಿನಲ್ಲಿ ಅಗಲವಾದ ಕಡಗ.

"ಮೂವತ್ತು ವರ್ಷ ಅಣ್ಣನ ಕೈಕೆಲಸ ಅಂತ ಕಂಡಕಂಡೋರಿಗೆ ತೋರಿಸಿದೀನಿ ಅತ್ತಿಗೆ."

"ಗೊತ್ತು. ನನಗೇ ನೂರು ಸಲ ತೋರಿಸಿದೀಯ."

ಅವನು ತಲೆ ತಗ್ಗಿಸಿದ. "ಕಲ್ಲು ಅಲ್ಲಾಡ್ತಿದೆ. ನಾಲ್ಕು ದಿನ ಕಳೆದ್ಮೇಲೆ ಗಟ್ಟಿ ಮಾಡ್ಕೊಡ್ತೀರಾ?"

ಗ್ಲೆನಾಬಾ ಕಲ್ಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಅವನ ಕಲ್ಲಿಗೆ ಏನೂ ಆಗಿಲ್ಲ. ನನ್ನ ಬೆಳ್ಳಿ ಸಡಿಲ ಆಗಿದೆ, ಅಷ್ಟೆ."

ಲೀಲಂಡ್ ಕಡಗ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಅವನ ಮಣಿಕಟ್ಟಿನಲ್ಲಿ, ಮೂವತ್ತು ವರ್ಷ ಬಿಸಿಲು ಕಾಣದ ತಿಳಿಬಣ್ಣದ ಪಟ್ಟಿಯೊಂದು ಉಳಿಯಿತು.