ಪರಸಿ ಕಲ್ಲುಗಳ ನಡುವೆ ಪರೀಕ್ಷೆ

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನಡೆದ ಮುಷ್ಕರಕ್ಕೆ ಬಸ್ಸುಗಳೆಲ್ಲ ನಿಂತಿದ್ದವು. ಧಮ್ಮಶೀಲಾ ತನ್ನೂರು ಜಹೀರಾಬಾದಿನಿಂದ ತಾಂಡೂರಿಗೆ ತಮ್ಮನ ಬೈಕಿನ ಹಿಂದೆ ಕೂತು ಬಂದಳು. ತಮ್ಮ ಸತೀಶಕುಮಾರ ಸರಕಾರಿ ಶಾಲೆಯ ಮಾಸ್ತರ, ಅವನೂ ಮುಷ್ಕರದಲ್ಲಿದ್ದ. ಊರೆಲ್ಲ ಕೆಲಸ ಬಿಟ್ಟಿರುವಾಗ ಅಕ್ಕನೊಬ್ಬಳು ಕೆಲಸಕ್ಕೆ ಹೊರಟದ್ದು ಅವನಿಗೆ ಹಿಡಿಸಿರಲಿಲ್ಲ. ದಾರಿಯುದ್ದಕ್ಕೂ ಸಿಟ್ಟಿನಲ್ಲೇ ಬೈಕು ಓಡಿಸಿದ.

ಅವಳಿಗಾದರೂ ಬೇರೆ ದಾರಿ ಇರಲಿಲ್ಲ. ಹೈದರಾಬಾದಿನ ಸಂಶೋಧನಾ ಸಂಸ್ಥೆಯಲ್ಲಿ ವರ್ಷಗಟ್ಟಲೆ ಒಂದೇ ಹಟ ಹಿಡಿದು ಕೂತಿದ್ದಳು. ಗೋಡೆಗೆ, ಬಂಡೆಗೆ ಬಡಿದು ಚದುರಿ ಬರುವ ರೇಡಿಯೋ ಅಲೆಗಳನ್ನು ಮೇಲಿನವರು ಕಸ ಎನ್ನುತ್ತಿದ್ದರು. ಎರಡೂ ಕಡೆ ನಾಲ್ಕು ನಾಲ್ಕು ಆಂಟೆನಾ ಇಟ್ಟರೆ, ಅದೇ ಚದುರಿದ ದಾರಿಗಳಲ್ಲಿ ಬೇರೆ ಬೇರೆ ಸಂದೇಶ ಒಟ್ಟಿಗೇ ಕಳಿಸಬಹುದು ಎಂಬುದು ಅವಳ ವಾದ. ಇದೇ ಕೊನೆಯ ಪರೀಕ್ಷೆ, ಆಗದಿದ್ದರೆ ಬಿಟ್ಟುಬಿಡಿ ಎಂದು ಹೇಳಿಬಿಟ್ಟಿದ್ದರು.

ಅಲೆಗಳು ಚದುರಲೆಂದೇ ನೆಲಕ್ಕೆ ಹಾಸುವ ಪರಸಿ ಕಲ್ಲಿನ ರಾಶಿಗಳಿರುವ ಅಂಗಳವನ್ನು ಆರಿಸಿದ್ದಳು. ಕರೆಂಟು ಇರಲಿಲ್ಲ. ಬ್ಯಾಟರಿಗೆ ತಂತಿ ಸಿಕ್ಕಿಸಿ, ಅಂಗಳದ ಆ ತುದಿಯಲ್ಲಿ ಕಳಿಸುವ ಯಂತ್ರ ನಿಲ್ಲಿಸಿ ಈ ತುದಿಯಲ್ಲಿ ಪಡೆಯುವ ಯಂತ್ರದ ಮುಂದೆ ಬಂದು ಕೂತಳು. ಪರದೆಯ ಮೇಲೆ ಆ ತುದಿಯಿಂದ ಒಟ್ಟಿಗೇ ಬಂದ ನಾಲ್ಕು ಚಿತ್ರಗಳು ಓಡತೊಡಗಿದವು. ನಿದ್ದೆಗೆಟ್ಟ ರಾತ್ರಿಗಳಿಂದ ಖುಷಿಪಡಲಿಕ್ಕೂ ತ್ರಾಣವಿರಲಿಲ್ಲ.

ಅಷ್ಟರಲ್ಲಿ ಆ ತುದಿಯಿಂದ ಗದ್ದಲ ಕೇಳಿತು. ಅವಳೂ ತಮ್ಮನೂ ಓಡಿದರು. ಮುಷ್ಕರದಲ್ಲಿದ್ದ ಕಲ್ಲು ಕೆಲಸಗಾರರ ಮುಖಂಡ ಪೋಚಪ್ಪ ಹತ್ತಾರು ಜನರೊಂದಿಗೆ ಯಂತ್ರ ಸುತ್ತುವರಿದಿದ್ದ. ಒಂದು ಆಂಟೆನಾ ಮುರಿದು ನೆಲಕ್ಕೆ ಬಿದ್ದಿತ್ತು.

"ಪೊಲೀಸರ ಮಷಿನ್ ಅದ ಇದು! ನಮ್ಮ ಫೋನ್ ಕೇಳಾಕ ಇಟ್ಟಾರ!" ಎಂದು ಪೋಚಪ್ಪ ಕೂಗಿದ.

"ಪೊಲೀಸರದಲ್ರಿ," ಎಂದು ಸತೀಶಕುಮಾರ ಅಡ್ಡ ನಿಂತ. "ಇಕಿ ನಮ್ಮಕ್ಕ ಇದ್ದಾಳ್ರಿ. ನಾನು ಮುಷ್ಕರದಾಗ ಇದ್ದವನೇ. ಮುರಿಯೋದಿದ್ರ ಮೊದಲ ನನ್ನ ಕೈ ಮುರೀರಿ."

ದಾರಿಯಲ್ಲಿ ಸಿಟ್ಟಾಗಿದ್ದ ತಮ್ಮ ಹೀಗೆಂದದ್ದು ಕೇಳಿ ಅವಳು ಮುಂದೆ ಬಂದು ಅವನ ಪಕ್ಕ ನಿಂತಳು. ಮುರಿದ ಆಂಟೆನಾ ಎತ್ತಿಕೊಂಡಳು. "ಬರ್ರಿ, ಏನದ ಅಂತ ನೀವೇ ನೋಡ್ರಿ," ಎಂದು ಎಲ್ಲರನ್ನೂ ಈ ತುದಿಗೆ ಕರೆತಂದಳು.

ಚಿತ್ರಗಳೆಲ್ಲ ನಿಂತುಹೋಗಿರಬೇಕು ಎಂದುಕೊಂಡೇ ಪರದೆ ನೋಡಿದಳು. ಒಂದು ಚಿತ್ರ ನಿಂತಿತ್ತು. ಉಳಿದ ಮೂರೂ ಒಂದಿಷ್ಟೂ ತಡವರಿಸದೆ ಓಡುತ್ತಿದ್ದವು. ಒಂದು ಆಂಟೆನಾ ಹೋದರೆ ಮಿಕ್ಕವು ತಾಳಿಕೊಳ್ಳುತ್ತವೆಂದು ಕಾಗದದ ಮೇಲೆ ಲೆಕ್ಕ ಹಾಕಿದ್ದಳು. ಮುರಿದು ನೋಡುವ ಧೈರ್ಯ ಬಂದಿರಲಿಲ್ಲ.

ಫೋನಿನ ಮಾತಲ್ಲ, ಬರೀ ಚಿತ್ರಗಳು ಓಡುವುದನ್ನು ಕಂಡು ಪೋಚಪ್ಪ ತಲೆ ಕೆರೆದುಕೊಂಡ. "ನುಕಸಾನ ಭಾಳ ಆತೇನ್ರಿ ಅಕ್ಕೋರೆ?"

"ಇಲ್ರಿ. ನೀವು ಮುರದದ್ದಕ್ಕ ನನ್ನ ಕೆಲಸಾನೇ ಆತು," ಎಂದು ಕಲ್ಲಿಗೆ ಒರಗಿ ಕಣ್ಣು ಮುಚ್ಚಿದಳು.

ಆ ಫಲಿತಾಂಶ ಮೇಲಿನವರನ್ನು ಒಪ್ಪಿಸಿತು. ಅವಳ ಕೆಲಸ ನಿಲ್ಲಲಿಲ್ಲ. ಆದರೆ ಅದು ತಿಂಗಳುಗಳ ನಂತರದ ಮಾತು. ಆ ಸಂಜೆ ಬೈಕು ಹೊರಡಿಸುತ್ತ ಸತೀಶಕುಮಾರ, "ಅಕ್ಕಾ, ನಾಳಿ ಧರಣಿಗಿ ಬರ್ತಿಯೇನು?" ಎಂದ.

"ಬರ್ತೀನಿ. ಮೊದಲ ಕಣ್ಣತುಂಬ ನಿದ್ದಿ ಮಾಡ್ತೀನಿ," ಎಂದಳು.