ಮೊರ ಹಿಡಿದ ಕಂಚಿನ ಹೆಂಗಸು

ನಾನು ಒಂದು ಕಂಚಿನ ಹೆಂಗಸು. ಎತ್ತರ ಒಂದು ಮೊಳ. ಮೊರ ಹಿಡಿದು ಕುಳಿತಿದ್ದೇನೆ. ಕೇರುತ್ತಿದ್ದೇನೋ, ಕೇರಿ ಮುಗಿಸಿದ್ದೇನೋ ನನಗೇ ತಿಳಿಯದು.

ಗದಗಿನಲ್ಲಿ ಶಿಲ್ಪಿ ಮೌನೇಶಾಚಾರ್ಯರ ಪಡಸಾಲೆಯಲ್ಲಿ ಮೊದಲು ಮೇಣವಾಗಿ ಹುಟ್ಟಿದೆ. ಬೆನ್ನು, ತೋಳು, ಸೀರೆಯ ನೆರಿಗೆ ಎಲ್ಲ ಅವರ ಕೈಯಲ್ಲಿ ಸರಾಗವಾಗಿ ಮೂಡಿದವು. ಮುಖ ಮಾತ್ರ ಕೂಡಿಬರಲಿಲ್ಲ. ಮಾಡುವರು, ಅಳಿಸುವರು. ಒಂದು ಮಧ್ಯಾಹ್ನ ಬೇಸತ್ತು ಎದ್ದು ಹೋದರು. ಆಗ ಅವರ ಹೆಂಡತಿ ಗುರುಬಾಯಿ ಒಲೆಯ ಮುಂದಿನಿಂದ ಎದ್ದು ಬಂದಳು. ಹೆಬ್ಬೆರಳಿನಿಂದ ನನ್ನ ಕೆನ್ನೆ ಒತ್ತಿದಳು, ತುರುಬಿನ ಪಿನ್ನಿನಿಂದ ಕಣ್ಣು ಬಿಡಿಸಿದಳು. ಆಚಾರ್ಯರು ಮರಳಿ ಬಂದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಇದು ನಗಾಕತ್ತೈತೋ, ಅಳಾಕತ್ತೈತೋ?"

"ದಣದೈತಿ," ಎಂದಳು ಗುರುಬಾಯಿ.

ಅವರು ಆ ಮುಖವನ್ನು ಮುಟ್ಟಲಿಲ್ಲ. ನನಗೆ ಮಣ್ಣು ಮೆತ್ತಿ ಬೆಂಕಿಗಿಟ್ಟರು. ಮೇಣ ಕರಗಿ ಹರಿದುಹೋಯಿತು. ಆ ಖಾಲಿ ಜಾಗಕ್ಕೆ ಕಾದ ಕಂಚು ಬಂತು. ಪೀಠದ ಅಡಿಗೆ ಆಚಾರ್ಯರು ತಮ್ಮ ಗುರುತಾದ ಪುಟ್ಟ ಮೀನನ್ನು ಕೊರೆದರು. ಗುರುಬಾಯಿಗೆ ಗುರುತು ಎಂಬುದೇ ಇರಲಿಲ್ಲ.

ಆಚಾರ್ಯರು ನನ್ನನ್ನು ತಮಗೆ ಔಷಧ ಕೊಡುತ್ತಿದ್ದ ಡಾಕ್ಟರಿಗೆ ಕೊಟ್ಟರು. ಅವರ ದವಾಖಾನೆಯಲ್ಲಿ ರೋಗಿಗಳು ನನ್ನನ್ನು ಯಾವುದೋ ದೇವಿ ಎಂದುಕೊಂಡು ಕೈ ಮುಗಿಯುತ್ತಿದ್ದರು. ವಯಸ್ಸಾಗಿ ದವಾಖಾನೆ ಮುಚ್ಚುವಾಗ ಡಾಕ್ಟರು, ತಮ್ಮ ಕೋಟುಗಳನ್ನು ಹೊಲಿಯುತ್ತಿದ್ದ ನೀಲಗಂಗವ್ವನಿಗೆ ನನ್ನನ್ನು ದಾಟಿಸಿದರು. ಆಕೆಯ ಹೊಲಿಗೆ ಅಂಗಡಿಯಲ್ಲಿ ನಾನು ದೇವಿಯಲ್ಲ. ನನ್ನ ಕೊರಳಲ್ಲಿ ಅಳತೆಪಟ್ಟಿ, ಮೊರದ ತುಂಬ ಗುಂಡಿಗಳು. ಗಿರಾಕಿ ಇಲ್ಲದಾಗ ಆಕೆ ನನ್ನೊಡನೆ ಮಾತಾಡುತ್ತಿದ್ದಳು. ಆ ದಿನಗಳು ಚೆನ್ನಾಗಿದ್ದವು.

ರಸ್ತೆ ಅಗಲ ಮಾಡಲು ಅಂಗಡಿ ಕೆಡವುತ್ತಾರೆ ಎಂಬ ಸುದ್ದಿ ಬಂತು. ಹೊಸ ಅಂಗಡಿ ಹಿಡಿಯುವುದು ಆಕೆಯ ಕೈಲಿ ಆಗುವ ಮಾತಾಗಿರಲಿಲ್ಲ. ಅದೇ ವೇಳೆಗೆ ಆಕೆಯ ತಮ್ಮ ಫಕೀರಪ್ಪ ನನ್ನನ್ನು ಬೋರಲು ಹಾಕಿ ಕೂಗಿದ: "ಅಕ್ಕಾ, ಮೀನ ಐತಿ! ಆಚಾರ್ಯರು ತೀರಿಕೊಂಡ ಮ್ಯಾಲೆ ಈ ಮೀನಿನ ಗುರುತಿನ ಮೂರ್ತಿಗೆ ಬಂಗಾರದ ಬೆಲಿ!"

ಅಲ್ಲಿಂದ ನನ್ನ ತಲೆ ಕೆಟ್ಟಿತು. ಪಾತ್ರೆ ಅಂಗಡಿಯವನು ತೂಗಿ ನೋಡಿ, ಕರಗಿಸಿದರೆ ನಾಲ್ಕು ಕೊಡ ಆಗುತ್ತದೆ ಎಂದ. ಧಾರವಾಡದ ಚಿತ್ರಕಲಾ ಶಾಲೆಯ ಮಂದಾಕಿನಿ ಮೇಡಂ ಕೈಯಲ್ಲಿ ದೀಪ ಹಿಡಿದು ನನ್ನನ್ನು ಇಂಚಿಂಚೂ ನೋಡಿದರು.

"ಮೈ ಆಚಾರ್ಯರದ್ದ. ಅದರಾಗ ಅನುಮಾನ ಇಲ್ಲ. ಆದ್ರ ಅವರು ಕಣ್ಣು ಹಿಂಗ ಮಾಡಿದ್ದು ನಾ ಎಲ್ಲೂ ನೋಡಿಲ್ಲ. ಬ್ಯಾರೆ ಯಾರದೋ ಕೈ ಐತಿ."

"ಹಂಗಾದ್ರ ಖರೇದೋ, ಸುಳ್ಳೋ?" ಎಂದಳು ನೀಲಗಂಗವ್ವ.

"ಅದನ್ನ ಹ್ಯಾಂಗ ಹೇಳ್ಲಿ ನೀಲಗಂಗವ್ವಾ? ಯಾರದಂತ ನನಗ ಖಾತ್ರಿ ಇಲ್ಲ."

ನನಗೆ ಬಾಯಿ ಇದ್ದಿದ್ದರೆ ಗುರುಬಾಯಿಯ ಹೆಸರು ಹೇಳುತ್ತಿದ್ದೆ. ಆದರೆ ಅದರಿಂದ ನಾನು ಖರೇ ಆಗುತ್ತಿದ್ದೆನೋ, ಸುಳ್ಳಾಗುತ್ತಿದ್ದೆನೋ? ಮೈ ಒಬ್ಬರದು, ಮುಖ ಒಬ್ಬರದು. ನಾನು ಯಾರವಳು?

ಹಳೆಯ ವಸ್ತುಗಳ ವ್ಯಾಪಾರಿ ಬಾಬಣ್ಣನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. "ಮುಖಾ ಅರ ಹಾಕಿ ತಿಕ್ಕಿ ಒಂದೀಟು ತಿದ್ದಿಸೂಣು. ಅಸಲಿ ಆಚಾರ್ಯರದ್ದಂತ ಮಾರಾಟ ಆಗ್ತೈತಿ. ನಿಮಗ ಒಂದಲ್ಲ, ಎರಡು ಅಂಗಡಿ ಬರ್ತಾವ್ರಿ."

ಫಕೀರಪ್ಪ ಅಕ್ಕನ ಮುಖ ನೋಡಿದ. ಆಕೆ ನನ್ನ ಮುಖ ನೋಡಿದಳು. ನಾನು ಎಲ್ಲಿ ನೋಡಲಿ? ಬಾಬಣ್ಣ ನನ್ನ ಮೂಗಿನ ಮೇಲೆ ಉಗುರು ಎಳೆದು, ಎಲ್ಲಿಂದ ಎಲ್ಲಿಗೆ ಉಜ್ಜಬೇಕೆಂದು ತೋರಿಸುತ್ತಿದ್ದ.

"ಕೈ ತಗೀರಿ," ಎಂದಳು ನೀಲಗಂಗವ್ವ.

"ಯಾಕ್ರಿ ಅವ್ವಾರ?"

"ಯಾಕಂತ ನನಗೂ ಗೊತ್ತಿಲ್ಲ. ಗಂಡ ತೀರಿಕೊಂಡಾಗ ಮಂದಿ ಎಲ್ಲಾ ಸಮಾಧಾನ ಮಾಡಿದ್ರು. ಇಕಿ ಒಬ್ಬಾಕಿ ಸುಮ್ನ ಕುಂತಿದ್ಲು. ಆ ಮುಖಾ ತಿಕ್ಕಿದ ಮ್ಯಾಲೆ ನೀವು ಯಾರನ್ನ ಮಾರ್ತೀರಿ?"

ಬಾಬಣ್ಣ ಅಕ್ಕತಮ್ಮರಿಬ್ಬರನ್ನೂ ಹುಚ್ಚರೆಂದು ಬೈದು ಹೋದ. ಫಕೀರಪ್ಪ ವಾರವಿಡೀ ಅಕ್ಕನೊಡನೆ ಮಾತು ಬಿಟ್ಟ. ಕೊನೆಗೆ ಆಕೆ ಮಂದಾಕಿನಿ ಮೇಡಂ ಬಳಿಗೇ ಹೋಗಿ, ಇದ್ದದ್ದನ್ನು ಇದ್ದಹಾಗೆ ಬರೆದುಕೊಳ್ಳಿ ಎಂದು ನನ್ನನ್ನು ಶಾಲೆಗೆ ಕೊಟ್ಟಳು. ಶಾಲೆಯವರು ಕೊಟ್ಟ ದುಡ್ಡಿನಲ್ಲಿ ಅಂಗಡಿ ಆಗಲಿಲ್ಲ. ಮನೆಯ ಜಗಲಿಗೆ ತಗಡು ಹೊದಿಸಿ ಮಿಷನ್ನು ಹಾಕಿಕೊಂಡಳಂತೆ.

ಈಗ ನನ್ನನ್ನು ಶಾಲೆಯ ಮೊಗಸಾಲೆಯ ಮೂಲೆಯಲ್ಲಿ ಕಟ್ಟೆಯ ಮೇಲಿಟ್ಟು, ಸುತ್ತ ಹಗ್ಗ ಕಟ್ಟಿದ್ದಾರೆ. ಚೀಟಿಯಲ್ಲಿ "ಶಿಲ್ಪಿ: ಖಚಿತವಿಲ್ಲ" ಎಂದಿದೆ. ಹುಡುಗಿಯರು ಎದುರು ಕುಳಿತು ನನ್ನ ಚಿತ್ರ ಬರೆಯುತ್ತಾರೆ. ಒಬ್ಬಳ ಹಾಳೆಯಲ್ಲಿ ನಾನು ನಗುತ್ತೇನೆ, ಇನ್ನೊಬ್ಬಳ ಹಾಳೆಯಲ್ಲಿ ಅಳುತ್ತೇನೆ. ಯಾವುದು ನಾನೆಂದು ಹೇಳಲಾರೆ. ನನ್ನ ಬೆಲೆ ಎಷ್ಟೆಂದೂ ಇವತ್ತಿಗೂ ತಿಳಿದಿಲ್ಲ.

ಒಮ್ಮೆ ನೀಲಗಂಗವ್ವ ನೋಡಲು ಬಂದಳು. ಸೆರಗಿನ ತುದಿ ಹಿಡಿದು ನನ್ನತ್ತ ಕೈ ಚಾಚಿದಳು.

"ಮುಟ್ಟಬ್ಯಾಡ್ರಿ ಅಜ್ಜಿ," ಎಂದ ಕಾವಲುಗಾರ.

ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು. ಸಿಟ್ಟಾಗಲಿಲ್ಲ.

"ಹಂಗಾರ ನೀವರ ಒರಸ್ರೀಪಾ. ಎಡಗಿವಿ ಹಿಂದ ಧೂಳು ಕೂತೈತಿ."

ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಒರೆಸಿದ. ಇನ್ನೂ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ಒಳಗೆ ಎಂದು ಆಕೆ ಹಗ್ಗದ ಆಚೆ ನಿಂತು ಹೇಳುತ್ತಲೇ ಇದ್ದಳು.