ದೇವರ ಪಾಲಿನ ಅಕ್ಕಿ

"ಚೀಲದ ಬಾಯಿ ಬಿಚ್ಚಬೇಡ ಸಾಂಗ್‌ಪುಯಿ. ಅದು ದೇವರ ಪಾಲು," ಎಂದರು ಚರ್ಚಿನ ಮಹಿಳಾ ಸಂಘದ ಹಿರಿಯರಾದ, ಊರೆಲ್ಲ ಗೌರವದಿಂದ 'ಪಿ' ಎಂದು ಕರೆಯುವ ಪಿ ರೋಕಿಮಿ, ಗುಡಿಸಲಿನ ಬಾಗಿಲಲ್ಲೇ ನಿಂತು.

ಸಾಂಗ್‌ಪುಯಿ ಬಿಚ್ಚುತ್ತಲೇ ಇದ್ದಳು. ಗಂಟು ಬಿಗಿಯಾಗಿತ್ತು. ಕೇರಿಯ ಹೆಂಗಸರೆಲ್ಲ ಎರಡು ಹೊತ್ತೂ ಒಲೆಯ ಮೇಲೆ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ. ವಾರಕ್ಕೊಮ್ಮೆ ಅದನ್ನು ಕೂಡಿಸಿ ಚರ್ಚಿಗೆ ಮುಟ್ಟಿಸುವ ಕೆಲಸ ಹನ್ನೊಂದು ವರ್ಷದಿಂದ ಇವಳದು. ಅದನ್ನು ಮಾರಿ ಬಂದದ್ದರಲ್ಲಿ ಬಯಲು ನಾಡಿಗೆ ಬೋಧಕರನ್ನು ಕಳಿಸುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಕಾಳನ್ನೂ ಅವಳು ಅತ್ತಿತ್ತ ಮಾಡಿದವಳಲ್ಲ.

ಗೋಡೆಗೊರಗಿ ಕೂತಿದ್ದ ಶೆಫಾಲಿ ಆ ಬಯಲಿನವಳೇ. ಗಂಡನ ಜೊತೆ ರಸ್ತೆ ಕೆಲಸಕ್ಕೆ ಬೆಟ್ಟ ಹತ್ತಿ ಬಂದವಳು. ಕಲ್ಲು ಉರುಳಿ ಅವನ ಕಾಲು ಜಜ್ಜಿಹೋಗಿ, ಕೆಳಗಿನ ಊರಿನ ಆಸ್ಪತ್ರೆಗೆ ಸಾಗಿಸಿ ಹದಿನೈದು ದಿನವಾಗಿತ್ತು. ಹಸುಗೂಸು ಬತ್ತಿದ ಎದೆ ಚೀಪಿ ಚೀಪಿ, ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿತ್ತು. ಒಲೆ ತಣ್ಣಗಿತ್ತು. ಅದರ ಪಕ್ಕದಲ್ಲಿ ಹೋದ ಭಾನುವಾರ ಸಾಂಗ್‌ಪುಯಿಯೇ ಕೊಟ್ಟುಹೋದ ಸುವಾರ್ತೆಯ ಪುಸ್ತಕ ಬಿದ್ದಿತ್ತು, ಶೆಫಾಲಿಗೆ ಓದಲು ಬಾರದ ಮಿಜೋ ಭಾಷೆಯದು. ಅದನ್ನು ಕಂಡು ಸಾಂಗ್‌ಪುಯಿಗೆ ತನ್ನ ಮೇಲೆಯೇ ಮೈಯೆಲ್ಲ ಉರಿಯಿತು. ಅವತ್ತು ಇದೇ ಬಾಗಿಲಲ್ಲಿ ನಗುನಗುತ್ತಾ ನಿಂತಿದ್ದಳು. ಒಲೆಯ ಕಡೆ ನೋಡಿರಲಿಲ್ಲ.

"ಬೇಕಾದ್ರೆ ನಿನ್ನ ಮನೆ ಅಕ್ಕಿ ಕೊಡು."

"ನಾಳೆಯಿಂದ ಅದನ್ನೇ ಕೊಡ್ತೀನಿ. ಈಗ ನನ್ನ ಮನೆ ಗುಡ್ಡದ ಮೇಲಿದೆ, ಅಕ್ಕಿ ಇಲ್ಲಿದೆ."

"ಮಿಷನ್ನಿಗೆ ಅಂತ ನಂಬಿ ಕೊಟ್ಟಿದಾರೆ ಜನ."

"ಯಾವ ಮಿಷನ್ನು, ಪಿ? ಇವಳ ಊರ ಕಡೆಗೇ ಅಲ್ವಾ ನಾವು ಬೋಧಕರನ್ನ ಕಳಿಸಿರೋದು? ಅಲ್ಲಿಯವರಿಗೆ ಯೇಸುವಿನ ಪ್ರೀತಿ ಹೇಳೋಕೆ ಅಷ್ಟು ದೂರ ಆಳು ಕಳಿಸ್ತೀವಿ. ಇವಳು ನಮ್ಮ ಚರ್ಚಿನ ಹಿತ್ತಲಲ್ಲೇ ಸಾಯ್ತಿದಾಳೆ. ದೂರದ ಬೆಟ್ಟ ನುಣ್ಣಗೆ ಅಂತಾರೆ, ನಮಗೆ ದೂರದ ಹಸಿವೂ ನುಣ್ಣಗೇ ಕಾಣುತ್ತೆ."

"ಬಾಯಿ ಜಾಸ್ತಿಯಾಯ್ತು ನಿಂದು. ಈ ಕೆಲಸ ಬೇರೆಯವರಿಗೆ ಕೊಡಿಸ್ತೀನಿ ನೋಡು."

"ಕೊಡಿಸಿ."

ಹೇಳಿದ ಮೇಲೆ ಸಾಂಗ್‌ಪುಯಿಗೆ ಅದರ ಬೆಲೆ ಹೊಳೆಯಿತು. ಮಕ್ಕಳಿಲ್ಲದ ವಿಧವೆ ಅವಳು. ಆ ಚೀಲ ಹೆಗಲಲ್ಲಿದ್ದುದಕ್ಕೇ ಮನೆಮನೆಯಲ್ಲೂ ಕೂರಿಸಿ ಚಹಾ ಕೊಡುತ್ತಿದ್ದರು. ನಾಳೆಯಿಂದ ಯಾವ ಬಾಗಿಲು ತಟ್ಟುವುದು? ಆದರೂ ಚೀಲ ಬಗ್ಗಿಸಿ ಶೆಫಾಲಿಯ ಪಾತ್ರೆಗೆ ಅಕ್ಕಿ ಸುರಿದಳು.

"ಭಾನುವಾರ ಸಭೇಲಿ ಕೇಳಿದ್ರೆ ಏನು ಹೇಳ್ತೀಯ?"

"ತಲುಪಿತು ಅಂತ ಹೇಳ್ತೀನಿ."

ಪಿ ರೋಕಿಮಿ ಬಾಗಿಲು ಬಿಟ್ಟು ಹೋಗಲಿಲ್ಲ. ಸಾಂಗ್‌ಪುಯಿ ಆ ಪುಸ್ತಕವನ್ನು ತಡಿಕೆಯ ಸಂದಿಗೆ ಸಿಕ್ಕಿಸಿ, ಬಿದಿರ ಚೂರು ಮುರಿದು ಒಲೆ ಹೊತ್ತಿಸಿದಳು. ಇದ್ದ ನೀರನ್ನೆಲ್ಲ ಪಾತ್ರೆಗೆ ಬಗ್ಗಿಸಿ ಊದತೊಡಗಿದಳು. ಹೊಗೆಗೋ ಸಿಟ್ಟಿಗೋ ಕಣ್ಣಲ್ಲಿ ನೀರಿಳಿಯುತ್ತಿತ್ತು. ಶೆಫಾಲಿಯ ಕಣ್ಣು ಪಾತ್ರೆಯನ್ನು ಬಿಟ್ಟು ಕದಲಲಿಲ್ಲ.

"ಅಷ್ಟೇ ನೀರು ಯಾವ ಮೂಲೆಗೆ?" ಪಿ ರೋಕಿಮಿ ಬಾಗಿಲಿಂದಲೇ ಗದರಿದರು. "ನಲವತ್ತು ಮನೆ ಅಕ್ಕಿ ಅದು. ಹಳೇದೂ ಇದೆ, ಹೊಸದೂ ಇದೆ. ಅರ್ಧ ಕರಗಿ ಅರ್ಧ ಕಲ್ಲಾಗುತ್ತೆ. ಬಾಣಂತಿ ಹೊಟ್ಟೆಗೆ ಅದನ್ನ ಹಾಕ್ತೀಯಾ?"

ಒಳಗೆ ಬಂದವರೇ, ಸಿಡಿಮಿಡಿಗುಟ್ಟುತ್ತಾ ಮೂಲೆಯ ಖಾಲಿ ಕೊಡ ಎತ್ತಿಕೊಂಡು, ಚರ್ಚಿಗೆಂದು ಸೊಂಟಕ್ಕೆ ಸುತ್ತಿ ಉಡುವ ಒಳ್ಳೆಯ ಪುವಾನನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕೆಸರಲ್ಲಿ ನಲ್ಲಿಯ ಕಡೆ ಇಳಿದರು.